ನಮ್ಮನೆಯವರ ಹೆಸರಿಟ್ಟ ಗೊಂಬೆ ಲಾರಿ

ಬಡವನಹಳ್ಳಿ

ಬಿತ್ತನೆಗೆಂದು ಕಡ್ಲೆಕಾಯಿ ಸುಲಿಯುತ್ತಾ ಪಡಸಾಲೆಯಲ್ಲಿ ಕೂತಿದ್ದೆ. ಬಿತ್ತನೆ ಬೀಜವನ್ನು ತಿನ್ನುವ ಬೀಜದಂತೆ ಜಜ್ಜಿ ಸುಲಿಯುವಂತಿಲ್ಲ. ಮೇಲಿನ ಕೆಂಪು ಸಿಪ್ಪೆ ಒಂದಿಷ್ಟು ಹರಿದರೂ ಮೊಳಕೆ ಏಳುವುದಿಲ್ಲ. ಹೆಬ್ಬೆರಳಲ್ಲೇ ಒತ್ತಿ ಬಿಡಿಸಬೇಕು. ಬೆರಳ ತುದಿ ಉರಿಯುತ್ತಿತ್ತು. ಅಷ್ಟು ಹೊತ್ತಿಗೆ ನಮ್ಮನೆಯವರು ನಡೆದುಕೊಂಡು ಬಂದರು. ಅವರು ಮಧುಗಿರಿಯ ಎಣ್ಣೆ ಮಿಲ್ಲೊಂದರ ಲಾರಿ ಓಡಿಸುತ್ತಾರೆ. ಪಾವಗಡದಿಂದ ಕಾಯಿ ತುಂಬಿಕೊಂಡು ಬರಬೇಕಾದ ಮನುಷ್ಯ ನಡುಮಧ್ಯಾಹ್ನ ಕಾಲ್ನಡಿಗೆಯಲ್ಲಿ ಬಂದರೆ ಎದೆ ಝಲ್ಲೆನ್ನದೆ ಇರುತ್ತದೆಯೆ?

“ಲಾರಿಗೇನಾತು?” ಅಂದೆ.

“ಲಾರಿಗೇನೂ ಆಗಿಲ್ಲ ಕಣೆ. ರೋಡಲ್ಲಿ ನಿಲ್ಸಿ ಬಂದಿವ್ನಿ. ನಿನ್ ತಮ್ಮ ಮಿಲ್ಲಿಗೆ ಫೋನ್ ಮಾಡಿದ್ದ. ಶಾರದಾಗೆ ಹಾಸ್ಗೆ ಬುಟ್ಟು ಏಳ್ಕೂಡ್ದು ಅಂದವ್ರಂತೆ ಡಾಕ್ಟ್ರು. ಹೆರ್ಗೆ ಆಗೋಗಂಟ ಜೊತೇಲಿ ಯಾರಾದ್ರೂ ಇರ್ಬೇಕಂತೆ. ನೀನೇ ಹೋಗ್ಬೇಕು.”

ನನ್ನ ತಮ್ಮ ನಾಗರಾಜ ಆಗ ಜಪಾನಿನಲ್ಲಿದ್ದ. ಬೆಂಗಳೂರಿನಲ್ಲಿ ಪ್ಲಾಸ್ಟಿಕ್ಕು ಎರೆಯುವ ಕಬ್ಬಿಣದ ಅಚ್ಚು ಕಡಿಯುವ ಕೆಲಸ ಕಲಿತು, ಅಲ್ಲಿಂದ ಶಿಜುವೋಕಾ ಎಂಬ ಊರಿನ ಗೊಂಬೆ ಕಾರ್ಖಾನೆಯೊಂದಕ್ಕೆ ಹೋಗಿದ್ದ. ಅವನ ಹೆಂಡತಿ ಶಾರದ ಪಾವಗಡದ ಕಡೆಯವಳು, ತಾಯಿಯಿಲ್ಲದ ಹುಡುಗಿ. ಹಿಂದಿನ ವರ್ಷವೂ ಬಸುರಾಗಿದ್ದಳು. ಬಾಣಂತನಕ್ಕೆ ಹೋಗಬೇಕೆಂದು ಆಗಲೇ ನನಗೆ ಪಾಸ್‌ಪೋರ್ಟು ಮಾಡಿಸಿದ್ದರು. ಆ ಸಲ ಮಗು ನಿಲ್ಲಲಿಲ್ಲ. ಪಾಸ್‌ಪೋರ್ಟು ಟ್ರಂಕಿನಲ್ಲಿ ನನ್ನ ಧಾರೆಸೀರೆಯ ಕೆಳಗೆ ಹಾಗೇ ಉಳಿದಿತ್ತು. ಅದನ್ನು ಹೊರತೆಗೆದೆ. ಈ ಸಲವಾದರೂ ದೇವರು ಕಣ್ಣು ಬಿಡಲಿ ಅಂದುಕೊಂಡೆ.

ಸುಲಿದ ಬೀಜವನ್ನು ಮೊರದಲ್ಲೇ ನಾದಿನಿಯ ಕೈಗೆ ಕೊಟ್ಟು ಹೊರಟೆ. ನಮ್ಮ ಲಾರಿಯ ಇನ್ನೊಬ್ಬ ಡ್ರೈವರು, ಸಿರಾದ ಬಾಬು ಸಾಹೇಬರು, “ಫಿಕರ್ ಮಾಡ್ಬೇಡ ಅಕ್ಕಾ, ಮ್ಯಾಲೆ ಹೋಗೋ ಗಾಡೀಗೆ ಎದುರ್ಗಡೆ ಗಾಡಿ ಬರಾಕಿಲ್ಲ” ಅಂದರು. ಧೈರ್ಯ ಹೇಳಿದ್ದೋ ತಮಾಷೆ ಮಾಡಿದ್ದೋ, ವಿಮಾನ ಹತ್ತುವವರೆಗೂ ತಿಳಿಯಲಿಲ್ಲ.

ಟೋಕಿಯೋ ವಿಮಾನ ನಿಲ್ದಾಣ

ಬೊಂಬಾಯಿಯಲ್ಲಿ ವಿಮಾನ ಹತ್ತಿದ ಮೇಲೆ ನಾನು ಬಿಗಿಯಾಗಿ ಹಿಡಿದುಕೊಂಡದ್ದು ಎರಡು ನಿಂಬೆಹಣ್ಣು. ನಮ್ಮೂರ ಬೆಟ್ಟದ ದೇವರ ಪಾದದ ಬಳಿ ಇಟ್ಟು ಪೂಜಾರಪ್ಪ ಕೊಟ್ಟಿದ್ದು, ಶಾರದಾಳ ತಲೆದಿಂಬಿನ ಕೆಳಗೆ ಇಡಲಿಕ್ಕೆ. ಊಟ ಬಂದಾಗಲೂ ಕೈಯಿಂದ ಕೆಳಗಿಡಲಿಲ್ಲ. ಪಕ್ಕದ ಹೆಂಗಸು ನನ್ನನ್ನು ನೋಡಿ ಆಮೇಲೆ ತನ್ನ ತಟ್ಟೆಯಲ್ಲಿದ್ದ ನಿಂಬೆಹೋಳನ್ನೂ ನನಗೇ ಕೊಟ್ಟುಬಿಟ್ಟಳು. ನಿಂಬೆ ಎಂದರೆ ಇಷ್ಟವಿರಬೇಕು ಅಂದುಕೊಂಡಳೋ ಏನೋ.

ಇಳಿದಲ್ಲಿ ನೀಲಿ ಟೋಪಿಯ ಅಧಿಕಾರಿಯೊಬ್ಬ ಆ ಹಣ್ಣುಗಳನ್ನು ಕಂಡ. ಬಾಗಿ ನಮಸ್ಕಾರ ಮಾಡಿದ. ನಾನೂ ಕೈಮುಗಿದೆ. ಆಮೇಲೆ ಎರಡೂ ಹಣ್ಣನ್ನು ತೆಗೆದುಕೊಂಡು, ಮತ್ತೆ ಬಾಗಿ, ಒಂದು ಡಬ್ಬಿಗೆ ಹಾಕಿದ. ಹೊರದೇಶದ ಹಣ್ಣು ಒಳಗೆ ಬಿಡುವುದಿಲ್ಲವಂತೆ. ಅಷ್ಟು ಮರ್ಯಾದೆಯಿಂದ ದೇವರ ಪ್ರಸಾದ ಕಿತ್ತುಕೊಂಡವರನ್ನು ನಾನು ಕಂಡಿರಲಿಲ್ಲ. ಜಗಳವಾಡೋಣವೆಂದರೆ ಬಾಗಿ ನಿಂತವನ ಹತ್ತಿರ ಹೇಗೆ ಜಗಳವಾಡುವುದು?

ಹೊರಗೆ ನಾಗರಾಜ ಕಾಯುತ್ತಿದ್ದ. ಅವನನ್ನು ಕಂಡ ಕೂಡಲೇ ನನಗೆ ಅಳು ಬಂತು.

“ನಿಂಬೆಹಣ್ಣು ಕಿತ್ಕೊಂಬುಟ್ರು ಕಣ್ಲಾ ನಾಗ.”

“ಹೋಗ್ಲಿ ಬುಡಕ್ಕ. ನಿನ್ನ ಬುಟ್ರಲ್ಲ, ಅಷ್ಟೇ ಸಾಕು” ಅಂದ.

ಅರಿಶಿಣ, ಕುಂಕುಮ, ಹುಣಸೆಹಣ್ಣು, ಹುರಿಹಿಟ್ಟು ಎಲ್ಲ ಉಳಿದಿದ್ದವು. ಅದೊಂದು ಪುಣ್ಯ. ಆದರೂ ದಾರಿಯುದ್ದಕ್ಕೂ ಮನಸ್ಸಿನಲ್ಲಿ ಅದೇ ಕೊರೆತ. ಶುಭಕಾರ್ಯಕ್ಕೆ ಬಂದವಳ ಕೈಯಿಂದ ಮೊದಲ ಹೆಜ್ಜೆಯಲ್ಲೇ ನಿಂಬೆಹಣ್ಣು ಜಾರಿತಲ್ಲ ಎಂದು.

ಶಿಜುವೋಕಾ

ಶಾರದ ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಮಲಗಿದ್ದಳು. ಮುಖ ಬಿಳಿಚಿಕೊಂಡಿತ್ತು. “ವದಿನಾ” ಎಂದು ತೆಲುಗಿನಲ್ಲಿ ಅತ್ತಿಗೆ ಎಂದು ಕರೆದು ನನ್ನ ಕೈ ಹಿಡಿದುಕೊಂಡವಳು ಬಿಡಲೇ ಇಲ್ಲ.

ಆ ಮನೆಯಲ್ಲಿ ನೆಲಕ್ಕೆಲ್ಲ ಹುಲ್ಲಿನ ಚಾಪೆ. ಬಾಗಿಲಲ್ಲಿ ಚಪ್ಪಲಿ ಬಿಡಬೇಕು, ಅದು ನಮ್ಮ ಹಾಗೇ. ಆದರೆ ಪಾಯಿಖಾನೆಗೆ ಮಾತ್ರ ಬೇರೆ ಚಪ್ಪಲಿ ಇಟ್ಟಿರುತ್ತಾರೆ. ಮೊದಲ ದಿನವೇ ನಾನು ಅದನ್ನು ಮೆಟ್ಟಿಕೊಂಡು ಬಂದು ಚಾಪೆಯ ಮೇಲೆ ನಿಂತೆ. ಆಗಲೇ ಪಕ್ಕದ ಮನೆಯ ಅಜ್ಜಿ ಬಂದಿದ್ದಳು. ನನ್ನ ಕಾಲು ನೋಡಿ ಏನೂ ಹೇಳದೆ ಗೋಡೆಯ ಕಡೆ ಮುಖ ತಿರುಗಿಸಿ ನಿಂತಳು, ನಾನು ಹಿಂದಕ್ಕೆ ಹೋಗಿ ಬಿಟ್ಟು ಬರುವವರೆಗೂ. ನಮ್ಮೂರಾಗಿದ್ದರೆ ನಾಲ್ಕು ಮನೆಗೆ ಕೇಳುವಂತೆ ಕೂಗುತ್ತಿದ್ದರು. ಆ ಅಜ್ಜಿ ತಂದಿದ್ದ ಬಟ್ಟಲಲ್ಲಿ ಹಳದಿ ಹೋಳುಗಳಿದ್ದವು. ಅರಿಶಿಣದಲ್ಲಿ ಅದ್ದಿದ ಹಾಗೆ ಬಣ್ಣ. ದೇವರ ಪ್ರಸಾದವೇನೋ ಎಂದು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರೆ ಮೂಲಂಗಿ ಉಪ್ಪಿನಕಾಯಿ!

ಸಂಜೆ ನಾಗರಾಜ ವಿಷಯ ಹೇಳಿದ. ಅವನು ಆ ದೇಶದಲ್ಲಿ ಇರಲು ಕೊಟ್ಟ ಅನುಮತಿ ಆ ತಿಂಗಳಿಗೆ ಮುಗಿಯುತ್ತಿತ್ತು. ಕೆಲಸವಿದ್ದರೆ ಮುಂದುವರಿಸುತ್ತಾರೆ, ಇಲ್ಲದಿದ್ದರೆ ಹೊರಡಬೇಕು. ಶಾರದಾಳನ್ನು ವಿಮಾನ ಹತ್ತಿಸಿದರೆ ಮಗು ಉಳಿಯುವುದಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

“ಈಗ ಎಲ್ಲಾ ಈ ಲಾರಿ ಮ್ಯಾಲೈತೆ ಕಣಕ್ಕ” ಎಂದು ಒಂದು ಗೊಂಬೆ ಲಾರಿ ತೆಗೆದ.

ಎರಡು ಅಂಗೈ ಜೋಡಿಸಿದಷ್ಟು ಉದ್ದದ ಬಿಳಿ ಲಾರಿ, ಪಕ್ಕದಲ್ಲಿ ಕೆಂಪು ಪಟ್ಟಿ. ಆ ಕಾಲದಲ್ಲಿ ಅಲ್ಲಿ ಇಂಥ ಗೊಂಬೆಗಳ ಹುಚ್ಚು. ನೋಡಲಿಕ್ಕೆ ಕಾರೋ ವಿಮಾನವೋ ಆಗಿರುತ್ತದೆ. ಅಲ್ಲಿ ಮಡಿಸಿ ಇಲ್ಲಿ ತಿರುಗಿಸಿದರೆ ಕೈಕಾಲು ಮೂಡಿ ರೋಬೋಟ್ ಮನುಷ್ಯನಾಗಿ ಎದ್ದು ನಿಲ್ಲುತ್ತದೆ. ಈ ಲಾರಿಯನ್ನು ನಾಗರಾಜನೇ ಯೋಚಿಸಿ ಕೈಯಲ್ಲಿ ಮಾಡಿದ್ದ. ಇದ್ದದ್ದು ಅದೊಂದೇ. ಕಾರ್ಖಾನೆಯ ಯಜಮಾನ ಮೊರಿ ಅವರು ಹೊಸ ಗೊಂಬೆಯನ್ನು ಮೊದಲು ಟೋಕಿಯೋದ ಒಂದು ಕೂಟಕ್ಕೆ ತೋರಿಸುತ್ತಾರಂತೆ. ಇಂಥ ಗೊಂಬೆಗಳನ್ನು ಕೂಡಿಡುವವರ ಕೂಟ ಅದು. ಮಕ್ಕಳಲ್ಲ, ಮೀಸೆ ಬಂದವರು. ಅವರು ಆಗಲಿ ಅಂದರೆ ಅಚ್ಚು ಕಡಿಯಲು ನಾಗರಾಜನನ್ನು ಉಳಿಸಿಕೊಳ್ಳುತ್ತಾರೆ. ಬೇಡ ಅಂದರೆ ಗೊಂಬೆಯೂ ಇಲ್ಲ, ಕೆಲಸವೂ ಇಲ್ಲ. ಕೂಟ ಮಾರನೆಯ ದಿನವೇ ಇತ್ತು.

“ಹೆಸ್ರು ನೀನೇ ಇಡು ಅಂದ್ರು ಯಜಮಾನ್ರು. ಭಾವನ್ ಹೆಸ್ರೇ ಇಟ್ಟಿವ್ನಿ” ಅಂದ.

ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಅವನನ್ನು ಓದಿಸಿದವರು ನಮ್ಮನೆಯವರು, ಆ ಋಣ ಅವನಿಗೆ. ನಿಜ. ಆದರೆ ಗಂಡನ ಹೆಸರು ಹೇಳಿದರೆ ಅವರ ಆಯಸ್ಸು ಕಡಿಮೆಯಾಗುತ್ತದೆ ಎಂದು ನಂಬಿ ಬೆಳೆದವಳು ನಾನು. ಮದುವೆಯಾದಂದಿನಿಂದ ಬಾಯಿಬಿಟ್ಟು ಹೇಳಿಲ್ಲ. ಈ ಬರಹದಲ್ಲೂ ಬರೆಯುವುದಿಲ್ಲ. ಜಪಾನಿನವರು ಅದನ್ನು “ರಾಂಗಾ” ಎಂದು ಎಳೆದು ಹೇಳುತ್ತಿದ್ದರು. ಅದು ಅವರ ಬಾಯಿ, ಬರೆದರೆ ನನಗೆ ದೋಷವಿಲ್ಲ. ಅಂಥ ಹೆಸರನ್ನು ಮಕ್ಕಳು ಒದ್ದು ಎಸೆಯುವ ಗೊಂಬೆಗೆ ಇಡುವುದೆ?

“ಬೇರೆ ಹೆಸ್ರು ಸಿಗ್ಲಿಲ್ವೇನ್ಲಾ ನಿಂಗೆ?”

“ಲಾರಿ ಅಂದ್ರೆ ನಂಗೆ ಭಾವನೇ ಕಣಕ್ಕ” ಅಂದ. ಅವನು ಲಾರಿಯನ್ನು ದೇವರ ಪಟದ ಮುಂದೆ ಇಟ್ಟು, ಕೈಮುಗಿದು ಮಲಗಿದ.

ಶುಕ್ರವಾರದ ಬೆಳಗ್ಗೆ

ಇಲ್ಲಿ ನಾನು ಮಾಡಿದ ಎಡವಟ್ಟು ಹೇಳಬೇಕು.

ನಮ್ಮನೆಯವರ ಲಾರಿ ಬಡವನಹಳ್ಳಿ ರೋಡಿಗೆ ಬಂದು ನಿಂತ ಶುಕ್ರವಾರವೆಲ್ಲ ನಾನು ಅದಕ್ಕೆ ಪೂಜೆ ಮಾಡದೆ ಬಿಟ್ಟಿಲ್ಲ. ಮುಂದಿನ ಗಾಜಿನ ಕೆಳಗೆ ಅರಿಶಿಣ ಬಳಿದು, ಕುಂಕುಮ ಇಟ್ಟು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರೆ ನನ್ನ ಮನಸ್ಸಿಗೆ ನೆಮ್ಮದಿ. ಅವತ್ತು ಸ್ನಾನ ಮಾಡಿ ದೇವರ ಮುಂದೆ ಬಂದರೆ ಎದುರಿಗೆ ಲಾರಿ. ಅದೂ ಹೊಸ ಲಾರಿ. ಅದೂ ಅವರ ಹೆಸರಿನದು. ದೂರದ ದಾರಿಗೆ ಹೊರಟು ನಿಂತದ್ದು. ನಿಂಬೆಹಣ್ಣು ಬೇರೆ ಇಲ್ಲ. ಆ ಕೊರತೆ ತುಂಬಲೆಂದು ಅರಿಶಿಣವನ್ನೇ ಗಟ್ಟಿಯಾಗಿ ಕಲಸಿ, ಮುಂಭಾಗಕ್ಕೆಲ್ಲ ದಪ್ಪಗೆ ಬಳಿದು, ನಡುವೆ ಕುಂಕುಮ ಇಟ್ಟು, ಊದುಬತ್ತಿ ಬೆಳಗಿದೆ. ಎಷ್ಟು ಚೆನ್ನಾಗಿ ಕಂಡಿತೆಂದರೆ ನನಗೇ ಕಣ್ಣು ತುಂಬಿತು.

ನಾಗರಾಜ ಎದ್ದು ಬಂದ. ನೋಡಿದ. ಅಲ್ಲೇ ಕುಕ್ಕರಿಸಿದ.

“ಅಕ್ಕಾ! ಏನ್ ಮಾಡ್ಬುಟ್ಟೆ ಅಕ್ಕಾ!”

“ಪೂಜೆ ಕಣ್ಲಾ. ನೀನೇ ಅಲ್ವಾ ದೇವ್ರ ಮುಂದ್ಕೆ ಮಡ್ಗಿದ್ದು?”

“ಕೈಮುಗ್ಯಾಕೆ ಮಡ್ಗಿದ್ದು. ಅಬಿಷೇಕ ಮಾಡಾಕಲ್ಲ!”

ಒರೆಸಿದ. ಪುಡಿ ಬಂತು, ಕುಂಕುಮವೂ ಬಂತು, ಅರಿಶಿಣದ ಹಳದಿ ಮಾತ್ರ ಬಿಳಿ ಪ್ಲಾಸ್ಟಿಕ್ಕಿನೊಳಕ್ಕೆ ಇಳಿದುಹೋಗಿತ್ತು. ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಸೋಪು ಹಚ್ಚಿ ಉಜ್ಜಿಬಿಟ್ಟ. ಅರಿಶಿಣಕ್ಕೆ ಸೋಪು ತಗುಲಿದರೆ ಏನಾಗುತ್ತದೆಂದು ಬಟ್ಟೆ ಒಗೆದ ಯಾರನ್ನಾದರೂ ಕೇಳಿ. ಲಾರಿಯ ಮುಖ ರಕ್ತ ಬಳಿದಂತೆ ಕೆಂಪಾಯಿತು. ಅವರ ಹೆಸರಿನ ಲಾರಿಗೆ ಆ ಬಣ್ಣ! ಅವರು ಆಗ ಎಲ್ಲಿ, ಯಾವ ರೋಡಿನಲ್ಲಿದ್ದರೋ.

ಬೇಗ ಹುಣಸೆಹಣ್ಣು ನೆನೆಸಿ, ಹುಳಿನೀರಿನಲ್ಲಿ ಒರೆಸಿದೆ. ಕೆಂಪು ಇಳಿದು ಮತ್ತೆ ಹಳದಿಗೆ ಬಂತು. ಹಳದಿ ಹೋಗಬೇಕಾದರೆ ಇನ್ನು ಒಂದೇ ದಾರಿ, ಬಿಸಿಲು. ಅರಿಶಿಣದ ಕಲೆ ಬಿಸಿಲಿಗೆ ಹೆದರಿದಷ್ಟು ಇನ್ಯಾವುದಕ್ಕೂ ಹೆದರುವುದಿಲ್ಲ. ಆದರೆ ನಾನು ಬಂದಾಗಿನಿಂದ ಆ ಊರಿನಲ್ಲಿ ಬರೀ ಜಿಟಿಜಿಟಿ ಮಳೆ.

“ಕಿಟಕಿ ನೋಡು ವದಿನಾ” ಎಂದಳು ಹಾಸಿಗೆಯಿಂದ ಶಾರದ.

ಮೋಡ ಹರಿದಿತ್ತು. ಚಾಪೆಯ ಮೇಲೆ ಒಂದು ಗೇಣು ಬಿಸಿಲು ಬಿದ್ದಿತ್ತು. ನಾನು ಕೈಮುಗಿದೆ.

ಪಕ್ಕದ ಮನೆಯ ಅಜ್ಜಿ ಶಾರದಾಳ ಬಳಿ ಇರುವೆನೆಂದಳು. “ನೀನೇ ಮಾಡಿದ್ದು, ನೀನೇ ಬಂದು ಬಿಸ್ಲಿಗೆ ಹಿಡಿ” ಎಂದು ನಾಗರಾಜ ನನ್ನನ್ನೂ ಹೊರಡಿಸಿದ.

ಬಲಗಡೆಯ ಕಿಟಕಿ

ವೇಗದ ರೈಲು ಬಿಟ್ಟು ನಿಧಾನದ ರೈಲು ಹತ್ತಿದೆವು, ಬಿಸಿಲು ಹೆಚ್ಚು ಹೊತ್ತು ಸಿಗಲೆಂದು. ಟೋಕಿಯೋ ಕಡೆಗೆ ಹೋಗುವಾಗ ಬಲಗಡೆ ಸಮುದ್ರ, ಬಿಸಿಲೂ ಅದೇ ಕಡೆ. ನಾನು ಬಲಗಡೆಯ ಕಿಟಕಿಗೆ ಅಂಟಿಕೊಂಡು ಕೂತೆ. ನಾಗರಾಜ ಗೊಂಬೆಯನ್ನು ಬಿಚ್ಚಿ ಮನುಷ್ಯನನ್ನಾಗಿ ನಿಲ್ಲಿಸಿಕೊಟ್ಟ. ನಾನು ಅದನ್ನು ಆವರೆಗೆ ಬಿಚ್ಚಿ ನೋಡಿರಲಿಲ್ಲ. ಲಾರಿಯ ಮುಂಭಾಗವೇ ಅವನ ಎದೆ, ಎದೆತುಂಬ ಅರಿಶಿಣ. ಹಸೆಮಣೆ ಮೇಲೆ ಕೂರಿಸಿದ ಮದುಮಗನ ಹಾಗೆ ಇದ್ದ. ಬೇರೆ ಹೊತ್ತಾಗಿದ್ದರೆ ನಕ್ಕುಬಿಡುತ್ತಿದ್ದೆ.

ಸೀರೆಯುಟ್ಟ ಹೆಂಗಸೊಬ್ಬಳು ಒಂದು ರೋಬೋಟನ್ನು ಕಂಕುಳಿಗೆ ಕೈಕೊಟ್ಟು ಹಿಡಿದು ಕಿಟಕಿಗೆ ಎದೆ ತೋರಿಸಿ ಕೂತಿದ್ದಾಳೆ. ಆ ಬೋಗಿಯ ಒಬ್ಬರಾದರೂ ನಮ್ಮ ಕಡೆ ನೋಡಬೇಕಲ್ಲ! ಎಲ್ಲರೂ ಪೇಪರು ಓದುತ್ತಿದ್ದರು, ಇಲ್ಲವೇ ಕಣ್ಣು ಮುಚ್ಚಿದ್ದರು. ಕೊರಟಗೆರೆ ಬಸ್ಸಿನಲ್ಲಾಗಿದ್ದರೆ ಒಬ್ಬರು ಏನಮ್ಮಾ ಇದು ಅಂತ, ಇನ್ನೊಬ್ಬರು ಎಷ್ಟಕ್ಕೆ ತಂದೆ ಅಂತ, ಮೂರನೆಯವರು ತಮ್ಮ ಮಗುವಿನ ಕೈಗೆ ಒಂದು ಸಲ ಕೊಡು ಅಂತ ಕೇಳಿರುತ್ತಿದ್ದರು. ಆ ಗಲಾಟೆ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಯಾರೂ ಏನೂ ಕೇಳದಿದ್ದರೆ ಹೆದರಿಕೆ ಒಳಗೇ ಉಬ್ಬುತ್ತದೆ. ಎದುರಿನ ಮುದುಕಿ ಮಾತ್ರ ನೋಡಿಯೂ ನೋಡದಂತೆ ತನ್ನ ಕಡೆಯ ಕಿಟಕಿ ಪರದೆಯನ್ನು ಮೇಲಕ್ಕೆ ಸರಿಸಿದಳು. ಇನ್ನಷ್ಟು ಬಿಸಿಲು ಬಂತು. ಏನೆಂದು ತಿಳಿಯದೆಯೂ ಬೇಕಾದದ್ದು ಮಾಡಿಕೊಟ್ಟಳು ಪುಣ್ಯಾತ್ಗಿತ್ತಿ.

ಸ್ವಲ್ಪ ಹೊತ್ತಿಗೆ ಬೋಗಿಯವರೆಲ್ಲ ಎಡಗಡೆ ತಿರುಗಿದರು. ಆ ದೇಶದ ದೊಡ್ಡ ಬೆಟ್ಟ ಕಾಣಿಸುತ್ತಿತ್ತಂತೆ, ಫುಜಿ. ಮಳೆಗಾಲದಲ್ಲಿ ಅದು ಕಾಣಿಸುವುದೇ ಅಪರೂಪವಂತೆ.

“ತಿರ್ಗಿ ನೋಡಕ್ಕ, ಮತ್ತೆ ಸಿಗಾಕಿಲ್ಲ.”

“ಬಿಸ್ಲು ತಪ್ತದೆ ಕಣ್ಲಾ. ಬೆಟ್ಟ ನಮ್ ಮಧುಗಿರೀಲೂ ಐತೆ” ಅಂದೆ.

ಹಾಗೆ ಜಪಾನಿಗೆ ಹೋಗಿಯೂ ಆ ಬೆಟ್ಟ ನೋಡದೆ ಬಂದವಳು ನಾನೊಬ್ಬಳೇ ಇರಬೇಕು. ಈಗಲೂ ಕೇಳುವವರಿಗೆ ಏನು ಹೇಳಬೇಕೋ ತಿಳಿಯುವುದಿಲ್ಲ.

ಆಮೇಲೆ ಒಂದು ಉದ್ದನೆಯ ಸುರಂಗ. ಬೆಳಕು ಹೋಗಿ ಕಿಟಕಿಯಲ್ಲಿ ನಮ್ಮಿಬ್ಬರ ಮುಖ, ನಡುವೆ ಆ ಗೊಂಬೆಯ ಮುಖ ಕಂಡವು. ಮುಗಿಯುವುದೇ ಇಲ್ಲವೇನೋ ಅನ್ನಿಸಿತು. ಬೆಟ್ಟದ ದೇವರನ್ನು ನೆನೆದೆ. ಆ ದೇವರ ಹೆಸರೂ ನಮ್ಮನೆಯವರದೇ; ಅವನನ್ನೂ ನಾನು ಹೆಸರು ಹಿಡಿದು ಕರೆಯುವಂತಿಲ್ಲ, ಬೆಟ್ಟದಪ್ಪ ಎಂದೇ ಕರೆಯುತ್ತೇನೆ. ಸುರಂಗ ದಾಟಿ ಬಿಸಿಲು ಬಿದ್ದಾಗ ನೋಡಿದರೆ ಹಳದಿ ಅರ್ಧ ಇಳಿದಿತ್ತು.

ಟೋಕಿಯೋದ ಮಹಡಿ

ಟೋಕಿಯೋ ಮುಟ್ಟುವಾಗ ಮತ್ತೆ ಮೋಡ ಕವಿಯಿತು. ಗೊಂಬೆಯ ಎದೆಯ ನಡುವೆ ಒಂದು ಅಂಗುಲದಷ್ಟು ತೆಳುಹಳದಿ ಉಳಿದೇ ಹೋಯಿತು.

ಕೂಟ ಸೇರಿದ್ದು ಒಂದು ಅಂಗಡಿಯ ಮೇಲಿನ ಮಹಡಿಯಲ್ಲಿ. ಗೋಡೆಯುದ್ದಕ್ಕೂ ಗೊಂಬೆಗಳನ್ನು ಜೋಡಿಸಿದ್ದರು, ನವರಾತ್ರಿಯ ಮೆಟ್ಟಿಲಿನ ಹಾಗೆ. ಒಂದೊಂದೂ ಧೂಳಿಲ್ಲದೆ ಹೊಳೆಯುತ್ತಿತ್ತು. ಬಂದವರಲ್ಲಿ ಕ್ಷೌರದ ಅಂಗಡಿಯವನೊಬ್ಬ, ಬ್ಯಾಂಕಿನವನೊಬ್ಬ, ಶಾಲೆಯಲ್ಲಿ ಪಾಠ ಹೇಳುವ ಹೆಂಗಸೊಬ್ಬಳು, ಇನ್ನೂ ಹಲವರು. ಎಲ್ಲರಿಗಿಂತ ಹಿರಿಯ ಒಬ್ಬ ಮುದುಕಪ್ಪ. ಬಿಳಿ ಕೈಗವಸು ಹಾಕಿಕೊಂಡೇ ಗೊಂಬೆ ಮುಟ್ಟುತ್ತಿದ್ದ. ಯಜಮಾನ ಮೊರಿ ಅವರು ಬಾಗಿಲ ಬಳಿ ನಿಂತು ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಿದ್ದರು. ಎಲ್ಲರದೂ ಅವರ ಭಾಷೆಯಲ್ಲೇ ಮಾತು. ನಾಗರಾಜ ನನ್ನ ಕಿವಿಯಲ್ಲಿ ಹೇಳುತ್ತಾ ಹೋದ.

ಮೊದಲು ಆ ವರ್ಷ ಬಂದ ಬೇರೆ ಹೊಸ ಗೊಂಬೆಗಳ ಮಾತು ಎದ್ದಿತು. ಕ್ಷೌರದವನಿಗೆ ಪ್ಲಾಸ್ಟಿಕ್ಕೆಂದರೆ ಆಗದು. “ಹಳೇವು ಕಬ್ಬಿಣದ್ವು, ಕಾಲಿನ ಮ್ಯಾಲೆ ಬಿದ್ರೆ ಗೊತ್ತಾಗ್ತಿತ್ತಂತೆ” ಎಂದ ನಾಗರಾಜ. ಬ್ಯಾಂಕಿನವನ ತಕರಾರೆಲ್ಲ ಹೆಸರಿನದು. ಒಂದಕ್ಕೆ ಗುಡುಗು ರಾಜ, ಇನ್ನೊಂದಕ್ಕೆ ಗುಡುಗು ದಳಪತಿ, ಮತ್ತೊಂದಕ್ಕೆ ಮಹಾ ಗುಡುಗು. ಎಲ್ಲ ಗುಡುಗೇ ಆದರೆ ಮಳೆ ಯಾರು ಸುರಿಸುತ್ತಾರೆ ಎಂದನಂತೆ. ಎಲ್ಲರೂ ನಕ್ಕರು. ವಾಹನವಾಗಿದ್ದಾಗ ಒಂದು ಹೆಸರು, ಎದ್ದು ನಿಂತಾಗ ಇನ್ನೊಂದು ಹೆಸರು ಇರಬೇಕೆಂದು ಒಬ್ಬ ಹಟ ಹಿಡಿದ. ಮೇಷ್ಟ್ರಮ್ಮ ಒಪ್ಪಲಿಲ್ಲ. ಬಟ್ಟೆ ಬದಲಾಯಿಸಿದರೆ ಮನುಷ್ಯ ಬೇರೆಯಾಗುತ್ತಾನೆಯೆ ಅಂದಳಂತೆ. ಇಷ್ಟು ದೊಡ್ಡವರು ಗೊಂಬೆಯ ಹೆಸರಿಗಾಗಿ ಇಷ್ಟು ಕಷ್ಟಪಡುತ್ತಾರಲ್ಲ ಎಂದು ಮೊದಲು ನಗು ಬಂತು. ಆಮೇಲೆ ನಮ್ಮ ಕಡೆ ಎತ್ತಿಗೆ ಹೆಸರಿಡುವಾಗಲೂ ಕಟ್ಟೆಯ ಮೇಲೆ ಇದೇ ನಡೆಯುತ್ತದಲ್ಲ ಎಂದು ನೆನಪಾಯಿತು.

ನಮ್ಮ ಲಾರಿಯ ಸರದಿ ಬಂತು. ಬಿಳಿ ಕೈಗವಸಿನ ಮುದುಕಪ್ಪ ಅದನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಮಂಡಿ ಸಡಿಲ ಅಂದ. ನಾಗರಾಜ ತಲೆ ತಗ್ಗಿಸಿದ. ಲಾರಿಯಾಗಿ ಚೆನ್ನಾಗಿದೆ, ಮನುಷ್ಯನಾದಾಗ ಬೆನ್ನು ಭಾರ ಅಂದ ಇನ್ನೊಬ್ಬ. ಆಮೇಲೆ ಮುದುಕಪ್ಪ ಎದೆಯ ಕಲೆಯ ಮೇಲೆ ಬೆರಳಿಟ್ಟು ಏನೋ ಕೇಳಿದ. ಕ್ಷೌರದವನು ಇನ್ನೇನೋ ಹೇಳಿದ, ಎಲ್ಲರೂ ಗೊಳ್ಳೆಂದರು.

“ಏನಂತ್ಲಾ?”

“ಊಟ ಮಾಡುವಾಗ ಮೂಲಂಗಿ ಉಪ್ಪಿನಕಾಯಿ ಬೀಳಿಸ್ಕೊಂಡವ್ನಾ ಅಂತವ್ರೆ.”

ನಾಗರಾಜ ಎದ್ದು ನಿಂತು ನನ್ನನ್ನು ತೋರಿಸಿ ಇದ್ದದ್ದು ಇದ್ದ ಹಾಗೆ ಹೇಳಿದ. ಹೊಸ ಗಾಡಿಗೆ ಪೂಜೆ, ಅರಿಶಿಣ, ರೈಲಿನ ಬಿಸಿಲು, ಎಲ್ಲವನ್ನೂ. ಅವರೆಲ್ಲ ನನ್ನ ಕಡೆ ತಿರುಗಿ ಬಾಗಿದರು. ಬೈಯಲಿಲ್ಲ. ಬದುಕಿದೆ ಅಂದುಕೊಂಡೆ. ಆದರೆ ಅಸಲು ಕಷ್ಟ ಮುಂದಿತ್ತು.

ಆ ಕೂಟದಲ್ಲಿ ಒಂದು ಪದ್ಧತಿ. ಕೊನೆಗೆ ಗೊಂಬೆಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಕೈಗೆ ಬಂದವರು ಮಕ್ಕಳು ಕೂಗುವ ಹಾಗೆ ಗಟ್ಟಿಯಾಗಿ ಅದರ ಹೆಸರು ಕೂಗಬೇಕು. ಬಾಯಿಗೆ ಹತ್ತುತ್ತದೆಯೋ ಇಲ್ಲವೋ ನೋಡಲಿಕ್ಕೆ. ಕ್ಷೌರದವನು “ರಾಂಗಾ!” ಎಂದ. ಬ್ಯಾಂಕಿನವನು “ರಾಂಗಾ!” ಎಂದು ತಲೆದೂಗಿದ. ಮೇಷ್ಟ್ರಮ್ಮ ಕೂಗಿದಳು. ಒಬ್ಬೊಬ್ಬರೂ ನಮ್ಮನೆಯವರನ್ನು ಏಕವಚನದಲ್ಲಿ ಕೂಗುವುದನ್ನು ಕೇಳಿ ನನಗೆ ಮೈ ಮುದುಡಿತು. ಕಡೆಗೆ ಗೊಂಬೆ ನನ್ನ ಕೈಗೆ ಬಂತು.

ಎಲ್ಲರೂ ಕಾದರು. ನಾನು ಗೊಂಬೆ ಹಿಡಿದು ನೆಲ ನೋಡುತ್ತಾ ಕೂತೆ.

ಮುದುಕಪ್ಪನ ಮುಖ ಗಂಭೀರವಾಯಿತು. ನಾಗರಾಜನನ್ನು ಮೆಲ್ಲಗೆ ಏನೋ ಕೇಳಿದ. ಮೊರಿ ಅವರ ಕರವಸ್ತ್ರ ಕತ್ತಿನ ಮೇಲೆಯೇ ನಿಂತಿತು.

“ಅಕ್ಕಾ, ಇವ್ರು ತಪ್ಪು ತಿಳ್ಕೊಂಡ್ರು. ಆ ದೇಸದ ಹೆಣ್ಮಗ್ಳೇ ಬಾಯಲ್ಲಿ ಹೇಳಾಕೆ ಹೇಸ್ತಾಳೆ ಅಂದ್ರೆ ಇದು ಕೆಟ್ಟ ಮಾತಾ ಅಂತ ಕೇಳ್ತವ್ರೆ. ಕೆಟ್ಟ ಮಾತು ಗೊಂಬೆಗಿಟ್ಟು ನಮಗೆ ತಂದ್ಯಾ ಅಂತವ್ರೆ.”

“ಅಂಗಲ್ಲ ಅಂತ ಹೇಳ್ಲಾ! ನಮ್ಮನೆಯವ್ರ ಹೆಸ್ರು ಅಂತ ಹೇಳು!”

“ಹೇಳ್ದೆ. ನಂಬಾಕಿಲ್ಲ ಅಂತವ್ರೆ. ಗಂಡನ್ ಹೆಸ್ರು ಹೇಳಾಕೆ ಹೆದ್ರಿಕೆ ಯಾಕೆ ಅಂತವ್ರೆ. ಒಂದ್ ಸಲ ಹೇಳ್ಬುಡು ಕಣಕ್ಕ.”

“ಹೆಂಗ್ಲಾ ಹೇಳ್ಲಿ? ಅವ್ರು ರೋಡ್ ಮ್ಯಾಲೆ ಗಾಡಿ ಓಡ್ಸ್ತಾ ಇರ್ತಾರೆ! ಬೆಳಗ್ಗೆ ಆ ಕೆಂಪು ಬೇರೆ ನೋಡಿವ್ನಿ!”

ನಾಗರಾಜ ನನ್ನ ಮುಂದೆ ಮಂಡಿಯೂರಿ ಕೂತ. “ಶಾರದಾ ಮಲ್ಗವ್ಳೆ ಅಕ್ಕ” ಅಂದ. ಅಷ್ಟೇ ಅಂದದ್ದು.

ಒಂದು ಕಡೆ ಮುತ್ತೈದೆತನ, ಇನ್ನೊಂದು ಕಡೆ ಹುಟ್ಟದ ಕೂಸು. ಆಗ ನನ್ನ ಮದುವೆಯ ದಿನ ನೆನಪಾಯಿತು. ಹೊಸಿಲು ದಾಟುವಾಗ ಹೆಂಗಸರು ಅಡ್ಡಗಟ್ಟಿ “ಗಂಡನ ಹೆಸರು ಹೇಳೇ” ಎಂದು ಕಾಡುತ್ತಾರೆ. ಆಗ ಒಗಟು ಕಟ್ಟಿ, ಅದರ ಕೊನೆಗೆ ಹೆಸರು ಸೇರಿಸಿ ಹೇಳಬೇಕು. ಒಗಟಿನೊಳಗೆ ಹೇಳಿದರೆ ದೋಷವಿಲ್ಲ, ಅದು ಶಾಸ್ತ್ರ. ಎದ್ದು ನಿಂತು ತಲೆಗೆ ಸೆರಗು ಹೊದ್ದೆ. ಗೊಂಬೆಯ ಮುಖ ನೋಡಿಕೊಂಡು, ಬಾಯಿಗೆ ಬಂದದ್ದನ್ನು ಕಟ್ಟಿ ಹೇಳಿದೆ:

“ಮುಂಗಾರು ಮಳೆಗೆ ಕಡ್ಲೆಕಾಯಿ ಸಂಗ,
ಲಾರಿ ಗಾಲಿಗೆ ನಿಂಬೆಹಣ್ಣಿನ ಸಂಗ,
ಏಳು ಜನ್ಮಕೂ ನನ್ನ ಜೊತೆಗಾರ…”

ಆಮೇಲೆ ಹೆಸರನ್ನೂ ಹೇಳಿದೆ. ಗಟ್ಟಿಯಾಗಿ. ಇಲ್ಲಿ ಬರೆಯುವುದಿಲ್ಲ, ನೀವೇ ಸೇರಿಸಿಕೊಳ್ಳಿ. ಹೇಳಿದ ಮೇಲೆ ಕೂತುಬಿಟ್ಟೆ. ಕಣ್ಣೀರು ಇಳಿಯುತ್ತಿತ್ತು.

ನಾಗರಾಜ ಅದನ್ನು ಅವರ ಭಾಷೆಗೆ ತಿರುಗಿಸಿ ಹೇಳಿದ. ಕಡ್ಲೆಕಾಯಿಯ ಸಂಗ ಅವರಿಗೆ ಹೇಗೆ ಅರ್ಥವಾಯಿತೋ. ಯಾರೂ ನಗಲಿಲ್ಲ. ತುಂಬ ಹೊತ್ತು ಅವರವರೇ ಮಾತಾಡಿಕೊಂಡರು. ನನಗೆ ಆ ಹೊತ್ತು ರೈಲಿನ ಸುರಂಗಕ್ಕಿಂತ ಉದ್ದವಾಯಿತು. ಕೊನೆಗೆ ಮುದುಕಪ್ಪ ಒಂದು ಕೈಗವಸು ಬಿಚ್ಚಿ, ಬರಿ ಬೆರಳಿನಿಂದ ಆ ಹಳದಿ ಕಲೆ ಮುಟ್ಟಿ, ಮೊರಿ ಅವರಿಗೆ ಏನೋ ಹೇಳಿದ. ಮೊರಿ ಅವರು ಸೊಂಟದವರೆಗೆ ಬಾಗಿದರು. ನಾಗರಾಜ ಮುಖ ಮುಚ್ಚಿಕೊಂಡ.

“ಏನಾತ್ಲಾ? ಹೋತಾ?”

“ಇಲ್ಲ ಕಣಕ್ಕ. ಮಂಡಿ ಬಿಗಿ ಮಾಡಿ, ಗೊಂಬೆ ಮಾಡಿ ಅಂದ್ರು. ಆಗ್ಲಿ ಅಂದ್ರು!” ಮುಖದಿಂದ ಕೈ ತೆಗೆದ. “ಹೆಸ್ರು ಮಾತ್ರ ಬ್ಯಾಡಂತೆ. ಮೇಷ್ಟ್ರಮ್ಮನೇ ಬ್ಯಾಡ ಅಂದ್ಳು. ಒಬ್ರು ಇಷ್ಟು ಜೋಪಾನವಾಗಿ ಇಟ್ಕೊಂಡಿರೋ ಹೆಸ್ರನ್ನ ಡಬ್ಬಿ ಮ್ಯಾಲೆ ಅಚ್ಚಾಕಿ ಮಾರ್ಕೂಡ್ದಂತೆ.”

ಕೆಲಸವೂ ಉಳಿಯಿತು, ಹೆಸರೂ ಉಳಿಯಿತು. ಬೆಟ್ಟದಪ್ಪ ಒಂದನ್ನು ಕೇಳಿದರೆ ಎರಡು ಕೊಡುವವನು.

ಮತ್ತೆ ಶಿಜುವೋಕಾ

ಮನೆ ಮುಟ್ಟಿದಾಗ ಶಾರದ ದಿಂಬಿಗೊರಗಿ ಬಾಗಿಲನ್ನೇ ನೋಡುತ್ತಿದ್ದಳು. “ಏಮಾಯೆ ವದಿನಾ?” ಅಂದಳು, ಏನಾಯಿತು ಎಂದು. ನಾನು ಮಾತಾಡುವ ಮೊದಲೇ ನನ್ನ ಮುಖದಲ್ಲಿ ಓದಿಕೊಂಡು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

ನನ್ನ ಹೆದರಿಕೆ ಮಾತ್ರ ಇಳಿದಿರಲಿಲ್ಲ. ಹೆಸರು ಹೇಳಿಬಿಟ್ಟೆನಲ್ಲ. ಮಾರನೆಯ ದಿನ ನಾಗರಾಜನನ್ನು ಕಾಡಿ ಮಿಲ್ಲಿಗೆ ಫೋನು ಹಾಕಿಸಿದೆ. ಅವರು ಆಗ ತಾನೇ ಲೋಡು ಇಳಿಸಿ ಬಂದಿದ್ದರು. “ಏನೇ?” ಎಂಬ ಒಂದು ಮಾತು ಕೇಳಿದ ಮೇಲೆ ನನಗೆ ಉಸಿರು ಬಂತು. ಅವರ ಕಡೆ ಏನು ವಿಶೇಷ ಅಂದರೆ, ತಾವರೆಕೆರೆ ಹತ್ತಿರ ಒಂದು ಗಾಲಿ ಪಂಚರಾಗಿತ್ತಂತೆ. ಅಷ್ಟೇ. ಹೋದರೆ ಗಾಲಿಯ ಗಾಳಿ ಹೋಗಲಿ.

ಮಳೆ ಮುಗಿದ ಮೇಲೆ ಶಾರದಾಳಿಗೆ ಹೆಣ್ಣುಮಗು ಹುಟ್ಟಿತು. ತೂಕ ಕಡಿಮೆ, ದನಿ ಜಾಸ್ತಿ. ತಾಯಿ ಮಗು ಇಬ್ಬರಿಗೂ ಅರಿಶಿಣ ಹಚ್ಚಿ ನೀರೆರೆದೆ. ಈ ಸಲ ಎಲ್ಲಿ ಹಚ್ಚಬೇಕೋ ಅಲ್ಲೇ ಹಚ್ಚಿದೆ.

ಗೊಂಬೆ ಲಾರಿಗೆ ಏನು ಹೆಸರಿಟ್ಟರು ಎಂದು ಹೊರಡುವ ದಿನ ಕೇಳಿದೆ. ನಾಗರಾಜ ತಲೆ ಕೆರೆದುಕೊಂಡ. ಕೊನೆಗೆ ಅದಕ್ಕೂ ಗುಡುಗು ಎಂದೇ ಇಟ್ಟರಂತೆ.

ಬಡವನಹಳ್ಳಿ

ನಾನು ಬರುವ ಹೊತ್ತಿಗೆ ನನ್ನ ನಾದಿನಿ ಬಿತ್ತಿಸಿದ್ದ ಕಡ್ಲೆಕಾಯಿ ಗಿಡ ಕಿತ್ತು, ಬುಡ್ಡೆ ಬಿಡಿಸಿ, ಅಂಗಳದಲ್ಲಿ ರಾಶಿ ಹಾಕಿದ್ದರು. ಹಸಿಕಾಯಿಯ ಮಣ್ಣಿನ ವಾಸನೆ ಬೀದಿಯವರೆಗೂ ಬಂದಿತ್ತು. ನಮ್ಮನೆಯವರು ಪೆಟ್ಟಿಗೆ ಇಳಿಸಿ ಜಗಲಿಯ ಮೇಲೆ ಕೂತರು. ಅವರ ಮುಖ, ಕೈಕಾಲು ಎಲ್ಲ ಒಂದು ಸಲ ನೋಡಿಕೊಂಡೆ. ಎಲ್ಲ ಸರಿಯಾಗಿತ್ತು.

“ಅದೇನೋ ಅಲ್ಲಿ ಅಷ್ಟು ಜನದ್ ಮುಂದೆ ನನ್ ಹೆಸ್ರು ಹೇಳಿದ್ಯಂತೆ. ನಾಗ ಫೋನಲ್ಲಿ ಹೇಳ್ದ” ಅಂದರು. ಮೀಸೆಯಡಿ ನಗು. “ಎಲ್ಲಿ, ನಂಗೂ ಒಂದ್ ಸಲ ಹೇಳು, ಕೇಳ್ತೀನಿ.”

ಒಳಗಿನಿಂದ ನಾದಿನಿ ಕಿಸಕ್ಕೆಂದಳು.

“ಮೋಡ ಆಗ್ತಾ ಐತೆ. ಕಾಯಿ ಬೂಸ್ಟು ಹಿಡೀತದೆ, ಆ ಕಡೆ ಸರ್ಕೊಳಿ” ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ, ರಾಶಿಯನ್ನು ಬಿಸಿಲು ಇದ್ದ ಕಡೆಗೆ ಹರಡತೊಡಗಿದೆ.